ಪಿಕಪ್ ಟ್ರಕ್ಕಿನ ಹದಿನೈದು ಲೀಟರ್ ಲೆಕ್ಕ

2021ರ ಮೇ ತಿಂಗಳಲ್ಲಿ ಅಮೆರಿಕದ ಅಂದಿನ ಅಧ್ಯಕ್ಷ ಜೋ ಬೈಡನ್ ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್‌ಗೆ ಹೋಗಿ, ಇನ್ನೂ ಬಿಡುಗಡೆಯಾಗದ ಪಿಕಪ್ ಟ್ರಕ್ಕೊಂದನ್ನು ತಾವೇ ಓಡಿಸಿದರು. ಮರುದಿನ ಫೋರ್ಡ್ ಕಂಪನಿ ಅದನ್ನು ಜನರ ಮುಂದಿಟ್ಟಿತು. ಎಫ್-150 ಲೈಟ್ನಿಂಗ್ ಎಂಬ ಆ ಗಾಡಿಗೆ ಪೆಟ್ರೋಲೂ ಬೇಡ, ಡೀಸೆಲ್ಲೂ ಬೇಡ, ಬ್ಯಾಟರಿಯೇ ಸಾಕು. ಆರಂಭಿಕ ಬೆಲೆ 40 ಸಾವಿರ ಡಾಲರಿಗೂ ಕಡಿಮೆ. ಸುಮಾರು ಎರಡು ಲಕ್ಷ ಮಂದಿ ಹೆಸರು ಬರೆಸಿದರು. 2025ರ ಡಿಸೆಂಬರಿನಲ್ಲಿ ಅದೇ ಫೋರ್ಡ್, ಪೂರ್ಣ ವಿದ್ಯುತ್ತಿನ ಲೈಟ್ನಿಂಗ್ ಇನ್ನು ತಯಾರಾಗುವುದಿಲ್ಲ ಎಂದು ಘೋಷಿಸಿತು. ವಿದ್ಯುತ್ ವಾಹನಗಳ ಯೋಜನೆ ಬದಲಿಸಿದ್ದರಿಂದ ಬೀಳುವ ಹೊರೆ ಸುಮಾರು 1,950 ಕೋಟಿ ಡಾಲರ್ ಎಂದೂ ತಿಳಿಸಿತು.

ಪಿಕಪ್ ಅಂದರೆ ಮುಂದೆ ಕ್ಯಾಬಿನ್, ಹಿಂದೆ ತೆರೆದ ತೊಟ್ಟಿ. 1925ರಲ್ಲಿ ಫೋರ್ಡ್ ತನ್ನ ಮಾಡೆಲ್ ಟಿ ಕಾರಿಗೆ ಕಾರ್ಖಾನೆಯಲ್ಲೇ ಇಂಥ ತೊಟ್ಟಿ ಕೂರಿಸಿ 281 ಡಾಲರಿಗೆ ಮಾರಿತ್ತು. ನೂರು ವರ್ಷದಲ್ಲಿ ಅದು ಅಮೆರಿಕದ ರೈತನ, ಬಡಗಿಯ, ಎಲೆಕ್ಟ್ರಿಷಿಯನ್ನನ ಗಾಡಿಯಾಗಿ, ಕೊನೆಗೆ ಸಂಸಾರದ ಗಾಡಿಯೂ ಆಯಿತು. 1977ರಿಂದ ಅಲ್ಲಿ ಅತಿ ಹೆಚ್ಚು ಮಾರಾಟವಾಗುವ ಟ್ರಕ್ ಫೋರ್ಡಿನ ಎಫ್ ಸರಣಿಯದ್ದೇ. 2024ರಲ್ಲಿ ಈ ಸರಣಿಯ ಏಳು ಲಕ್ಷಕ್ಕೂ ಹೆಚ್ಚು ಗಾಡಿಗಳು ಹೋದವು. ಅವುಗಳಲ್ಲಿ ಲೈಟ್ನಿಂಗ್ 33 ಸಾವಿರದ ಆಸುಪಾಸು.

ಇಷ್ಟು ದೊಡ್ಡ ಆಸೆ ಎಲ್ಲಿ ಮುಗ್ಗರಿಸಿತು ಎಂದು ತಿಳಿಯಬೇಕಾದರೆ ಬ್ಯಾಟರಿಯನ್ನೂ ಪೆಟ್ರೋಲ್ ಟ್ಯಾಂಕನ್ನೂ ಒಂದೇ ಅಳತೆಗೆ ತರಬೇಕು. ಲೈಟ್ನಿಂಗ್‌ನ ದೊಡ್ಡ ಬ್ಯಾಟರಿಯಲ್ಲಿ ಬಳಕೆಗೆ ಸಿಗುವುದು 131 ಯೂನಿಟ್ ವಿದ್ಯುತ್. ನಮ್ಮ ಮನೆಯ ಮೀಟರಿನಲ್ಲಿ ಓಡುವುದೂ ಇದೇ ಯೂನಿಟ್ಟು. ಒಂದು ಲೀಟರ್ ಪೆಟ್ರೋಲಿನಲ್ಲಿ ಹೆಚ್ಚುಕಡಿಮೆ ಒಂಬತ್ತು ಯೂನಿಟ್ಟಿನಷ್ಟು ಶಕ್ತಿ ಇರುತ್ತದೆ. ಭಾಗಿಸಿದರೆ, ಮೂರು ಟನ್ನಿನ ಈ ಗಾಡಿ ಹೊತ್ತು ತಿರುಗುವುದು ಹದಿನೈದು ಲೀಟರ್ ಪೆಟ್ರೋಲಿಗೆ ಸಮನಾದ ಶಕ್ತಿ! ಪೆಟ್ರೋಲಿನ ಎಫ್-150ರಲ್ಲಿ ದೊಡ್ಡ ಟ್ಯಾಂಕ್ ಹಾಕಿಸಿಕೊಂಡರೆ 136 ಲೀಟರ್ ಹಿಡಿಯುತ್ತದೆ.

ಆ ಹದಿನೈದು ಲೀಟರಿನಷ್ಟರಲ್ಲೇ ಲೈಟ್ನಿಂಗ್ ಸುಮಾರು 500 ಕಿ.ಮೀ. ಓಡುತ್ತದೆ ಎಂಬುದು ನಿಜಕ್ಕೂ ಬೆರಗಿನ ಸಂಗತಿ. ಪೆಟ್ರೋಲ್ ಎಂಜಿನ್ ತನಗೆ ಸಿಕ್ಕ ಶಕ್ತಿಯ ಬಹುಪಾಲನ್ನು ಶಾಖವಾಗಿ ಕಳೆದುಕೊಳ್ಳುತ್ತದೆ, ಚಕ್ರಕ್ಕೆ ಮುಟ್ಟುವುದು ಸುಮಾರು ಕಾಲು ಭಾಗವಷ್ಟೆ. ವಿದ್ಯುತ್ ಮೋಟರ್ ತನಗೆ ಸಿಕ್ಕದ್ದರಲ್ಲಿ ಮುಕ್ಕಾಲಿಗಿಂತ ಹೆಚ್ಚನ್ನು ಓಟಕ್ಕೆ ಹಚ್ಚುತ್ತದೆ. ಬ್ರೇಕ್ ಒತ್ತಿದಾಗ ಒಂದಿಷ್ಟನ್ನು ಬ್ಯಾಟರಿಗೆ ವಾಪಸ್ ಕಳಿಸುತ್ತದೆ. ಖಾಲಿ ಗಾಡಿಯಾದರೆ ಈ ಮಿತವ್ಯಯ ಸಾಕಾಗುತ್ತದೆ.

ತೊಡಕು ಶುರುವಾಗುವುದು ಹಿಂದೆ ಟ್ರೇಲರ್ ಕಟ್ಟಿದಾಗ. ಕುದುರೆ ಸಾಗಿಸುವ ಪೆಟ್ಟಿಗೆ, ದೋಣಿ, ಪ್ರವಾಸದ ಮನೆಗಾಡಿ, ಹೀಗೆ ಏನನ್ನಾದರೂ ಎಳೆಯುವುದು ಅಮೆರಿಕದಲ್ಲಿ ಪಿಕಪ್ಪಿನ ಹುಟ್ಟುಕೆಲಸ. ಎತ್ತರದ ಟ್ರೇಲರ್ ಗಾಳಿಯನ್ನು ಸೀಳಲಾರದೆ ತಳ್ಳಿಕೊಂಡು ಹೋಗುತ್ತದೆ, ಹೆದ್ದಾರಿಯ ವೇಗದಲ್ಲಿ ಶಕ್ತಿಯ ಖರ್ಚು ಎರಡು ಪಟ್ಟು ದಾಟುತ್ತದೆ. ಲೈಟ್ನಿಂಗ್ ಸುಮಾರು 4,500 ಕಿಲೋ ಎಳೆಯಬಲ್ಲದು. ಎಳೆತದ ಬಲಕ್ಕೆ ಕೊರತೆಯಿಲ್ಲ. ಆದರೆ ದೊಡ್ಡ ಟ್ರೇಲರ್ ಕಟ್ಟಿ ಪರೀಕ್ಷಿಸಿದವರಿಗೆ ಸಿಕ್ಕ ದೂರ ಅರ್ಧಕ್ಕೂ ಕಡಿಮೆ. ಟ್ರೇಲರ್ ಕಟ್ಟಿದರೆ ಪೆಟ್ರೋಲ್ ಗಾಡಿಯ ಮೈಲೇಜೂ ಇಳಿಯುತ್ತದೆ ನಿಜ, ಆದರೆ ಅದರ ಟ್ಯಾಂಕಿನಲ್ಲಿ ಇನ್ನೂ ಸಾಕಷ್ಟಿರುತ್ತದೆ, ಮುಗಿದರೂ ಬಂಕಿನಲ್ಲಿ ಐದು ನಿಮಿಷದ ಕೆಲಸ. ವಿದ್ಯುತ್ ಗಾಡಿಗೆ ವೇಗದ ಚಾರ್ಜರಿನಲ್ಲೂ ಮುಕ್ಕಾಲು ಗಂಟೆ. ಸಾಲದ್ದಕ್ಕೆ ಅಮೆರಿಕದ ಹೆಚ್ಚಿನ ಚಾರ್ಜಿಂಗ್ ಜಾಗಗಳು ಕಾರಿನ ಉದ್ದಕ್ಕೆ ತಕ್ಕಂತೆ ಕಟ್ಟಿದವು, ಹಾಗಾಗಿ ಟ್ರೇಲರನ್ನು ಕಳಚಿ ಬದಿಗಿಟ್ಟು ಬರಬೇಕು. ಚಳಿಗಾಲವಾದರೆ ದೂರ ಮತ್ತಷ್ಟು ಕುಗ್ಗುತ್ತದೆ.

ಹಾಗಿದ್ದರೆ ಬ್ಯಾಟರಿಯನ್ನೇ ಹಿಗ್ಗಿಸಿದರೆ ಹೇಗೆ? ಜನರಲ್ ಮೋಟಾರ್ಸ್ ಹಿಡಿದ ದಾರಿ ಅದೇ. ಷೆವರ್ಲೆ ಸಿಲ್ವರಾಡೊದ ವಿದ್ಯುತ್ ಮಾದರಿಯಲ್ಲಿ 200 ಯೂನಿಟ್ ದಾಟಿದ ಬ್ಯಾಟರಿ ಇದೆ, ಖಾಲಿಯಾಗಿ 700 ಕಿ.ಮೀ. ಮೀರಿ ಓಡುತ್ತದೆ. ಆದರೆ ಬ್ಯಾಟರಿ ಬೆಳೆದಷ್ಟೂ ತೂಕ, ತೂಕದ ಜೊತೆಗೆ ಬೆಲೆ. ಅದೇ ಕಂಪನಿಯ ಜಿಎಂಸಿ ಹಮ್ಮರ್‌ನ ವಿದ್ಯುತ್ ಮಾದರಿ ತೂಗುವುದು ನಾಲ್ಕು ಟನ್ನಿಗಿಂತ ಹೆಚ್ಚು, ಅದರಲ್ಲಿ ಬ್ಯಾಟರಿಯದ್ದೇ ಒಂದು ಟನ್ ಮೀರುತ್ತದೆ. ಲೈಟ್ನಿಂಗ್‌ನ ಆರಂಭಿಕ ಬೆಲೆಯೂ ಹೇಳಿದಲ್ಲಿ ನಿಲ್ಲಲಿಲ್ಲ. 2023ರಲ್ಲಿ 60 ಸಾವಿರ ಡಾಲರ್ ಮುಟ್ಟಿ, ಅದೇ ವರ್ಷ 50 ಸಾವಿರಕ್ಕೆ ಇಳಿಯಿತು. 39,900 ಡಾಲರ್ ಎಂದು 2019ರಲ್ಲಿ ತೋರಿಸಿದ ಟೆಸ್ಲಾ ಸೈಬರ್‌ಟ್ರಕ್, 2023ರ ನವೆಂಬರಿನಲ್ಲಿ ಕೈಗೆ ಬಂದಾಗ 60 ಸಾವಿರ ದಾಟಿತ್ತು. ಹೊಸ ವಿದ್ಯುತ್ ವಾಹನಕ್ಕೆ ಸಿಗುತ್ತಿದ್ದ 7,500 ಡಾಲರಿನವರೆಗಿನ ತೆರಿಗೆ ರಿಯಾಯಿತಿ 2025ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು.

ಇಷ್ಟನ್ನು ನೋಡಿ, ಪೆಟ್ರೋಲ್ ಗೆದ್ದಿತು ಎಂದು ಷರಾ ಬರೆಯುವವರು ಅಮೆರಿಕದಲ್ಲಿ ಬೇಕಾದಷ್ಟಿದ್ದಾರೆ. ರ‍್ಯಾಮ್ ಎಂಬ ಪಿಕಪ್ ಕಂಪನಿಯಂತೂ ಕೈಬಿಟ್ಟಿದ್ದ ಎಂಟು ಸಿಲಿಂಡರಿನ ಹೆಮಿ ಎಂಜಿನ್ನನ್ನು 2026ರ ಮಾದರಿಗೆ ವಾಪಸ್ ತಂದಿತು. ಆದರೆ ಅದೇ ರ‍್ಯಾಮ್ ಇನ್ನೊಂದು ಕೈಯಲ್ಲಿ ಕಟ್ಟುತ್ತಿರುವ ಗಾಡಿಯನ್ನು ನೋಡಿದರೆ ಈ ತೀರ್ಪು ಆತುರದ್ದು ಅನಿಸುತ್ತದೆ. ಅದರಲ್ಲಿ ಚಕ್ರ ತಿರುಗಿಸುವುದು ಮೋಟರ್ ಮಾತ್ರ. ಬಾನೆಟ್ಟಿನಡಿ 3.6 ಲೀಟರಿನ ಪೆಟ್ರೋಲ್ ಎಂಜಿನ್ ಇದ್ದರೂ ಅದಕ್ಕೂ ಚಕ್ರಕ್ಕೂ ಸಂಬಂಧವಿಲ್ಲ; ಜನರೇಟರ್ ತಿರುಗಿಸಿ ವಿದ್ಯುತ್ ಕೊಡುವುದಷ್ಟೇ ಅದರ ಕೆಲಸ. ನಮ್ಮ ರೈಲ್ವೆಯ ಡೀಸೆಲ್ ಎಂಜಿನ್ನುಗಳಲ್ಲೂ ಡೀಸೆಲ್ ಜನರೇಟರನ್ನು ತಿರುಗಿಸುತ್ತದೆ, ಗಾಲಿಗಳನ್ನು ತಿರುಗಿಸುವುದು ವಿದ್ಯುತ್ ಮೋಟರುಗಳೇ. ರ‍್ಯಾಮ್‌ನಲ್ಲಿ ಅದಕ್ಕೆ 92 ಯೂನಿಟ್ಟಿನ ಬ್ಯಾಟರಿಯೂ ಕೂಡುತ್ತದೆ. ಬ್ಯಾಟರಿಯೊಂದರಲ್ಲೇ ಸುಮಾರು 230 ಕಿ.ಮೀ., ಎರಡೂ ಸೇರಿ ಸುಮಾರು 1,100 ಕಿ.ಮೀ. ಎಂದು ಕಂಪನಿ ಹೇಳಿಕೊಂಡಿದೆ. ಫೋರ್ಡ್ ಕೂಡ ಮುಂದಿನ ಲೈಟ್ನಿಂಗ್‌ಗೆ ಇದೇ ಏರ್ಪಾಟನ್ನು ಆರಿಸಿಕೊಂಡಿದೆ. ಚೀನಾದ ಬಿವೈಡಿ ಕಂಪನಿ 1.5 ಲೀಟರಿನ ಎಂಜಿನ್ನೂ ಪ್ಲಗ್ಗಿನಿಂದ ಚಾರ್ಜಾಗುವ ಬ್ಯಾಟರಿಯೂ ಇರುವ ಶಾರ್ಕ್ ಪಿಕಪ್ಪನ್ನು 2024ರಲ್ಲಿ ಮೆಕ್ಸಿಕೊದಲ್ಲಿ ಬಿಡುಗಡೆ ಮಾಡಿ, ಆಸ್ಟ್ರೇಲಿಯಾಕ್ಕೂ ಕಳಿಸಿತು.

ಎಂಜಿನ್, ಬ್ಯಾಟರಿ ಎರಡೂ ಸೇರಿದರೆ ಏನಾಗುತ್ತದೆ ಎಂಬುದನ್ನು 2021ರ ಫೆಬ್ರುವರಿಯಲ್ಲಿ ಟೆಕ್ಸಾಸ್ ಕಂಡಿತು. ಭೀಕರ ಹಿಮದಲ್ಲಿ ವಿದ್ಯುತ್ ಜಾಲ ಕುಸಿದು ಲಕ್ಷಾಂತರ ಮನೆಗಳು ಕತ್ತಲಾದವು. ಎಫ್-150ರ ಹೈಬ್ರಿಡ್ ಮಾದರಿಯಲ್ಲಿ 7.2 ಕಿಲೋವ್ಯಾಟ್ ವಿದ್ಯುತ್ ಹೊರಗೆ ಕೊಡುವ ಏರ್ಪಾಟಿತ್ತು. ಕೆಲವರು ಗಾಡಿಯಿಂದ ಮನೆಗೆ ವೈರ್ ಎಳೆದು ಹೀಟರ್, ಫ್ರಿಜ್ ನಡೆಸಿದರು. ತಮ್ಮಲ್ಲಿರುವ ಅಂಥ ಗಾಡಿಗಳನ್ನು ಜನರಿಗೆ ಕೊಟ್ಟು ನೆರವಾಗಿ ಎಂದು ಫೋರ್ಡ್ ತನ್ನ ಡೀಲರುಗಳನ್ನು ಕೇಳಿಕೊಂಡಿತು. ಕೆಲಸದ ಜಾಗದಲ್ಲಿ ಗರಗಸ, ಡ್ರಿಲ್ಲಿಂಗ್ ಯಂತ್ರ ನಡೆಸಲು ಬೇರೆ ಜನರೇಟರ್ ಬೇಡ ಎಂಬುದು ಬಡಗಿಗೂ ಗಾರೆಯವನಿಗೂ ಸಣ್ಣ ಲಾಭವಲ್ಲ.

ಎಂಜಿನ್ ಯಾವುದು ಎಂಬ ಪ್ರಶ್ನೆಗಿಂತ ಗಾಡಿಯ ದಿನಚರಿ ಎಂಥದು ಎಂಬ ಪ್ರಶ್ನೆಯೇ ಹೆಚ್ಚು ಉಪಯೋಗದ್ದು. ದಿನಕ್ಕೆ ನೂರು ಕಿ.ಮೀ. ಒಳಗೆ ಸುತ್ತಿ ರಾತ್ರಿ ಅದೇ ಶೆಡ್ಡಿಗೆ ಮರಳುವ ಗಾಡಿಗೆ ವಿದ್ಯುತ್ತೇ ಸರಿ. ಭಾರತದಲ್ಲಿ ಇದಕ್ಕೆ ಒಳ್ಳೆಯ ನಿದರ್ಶನವಿದೆ. 2025ರ ಜೂನಿನಲ್ಲಿ ಬಂದ ಟಾಟಾ ಏಸ್ ಪ್ರೊ ಪುಟ್ಟ ಗಾಡಿ ಪೆಟ್ರೋಲ್, ಸಿಎನ್‌ಜಿ-ಪೆಟ್ರೋಲ್ ಜೋಡಿ, ವಿದ್ಯುತ್ ಎಂಬ ಮೂರು ರೂಪಗಳಲ್ಲಿ ಸಿಗುತ್ತದೆ. ಹೊರುವ ಭಾರ 750 ಕಿಲೋ. ವಿದ್ಯುತ್ ರೂಪದ ಬ್ಯಾಟರಿ 14.4 ಯೂನಿಟ್ಟಿನದು. ಲೈಟ್ನಿಂಗ್‌ನ ಒಂದು ಬ್ಯಾಟರಿಯಲ್ಲಿ ಇಂಥ ಒಂಬತ್ತು ಗಾಡಿಗಳಿಗೆ ಶಕ್ತಿ ತುಂಬಬಹುದು. ಗಣಿಯಿಂದ ಅಗೆದು ತೆಗೆದ ಲಿಥಿಯಂ ಒಬ್ಬರ ವಾರಾಂತ್ಯದ ದೋಣಿಗೆ ಹೋಗಬೇಕೇ, ದಿನವಿಡೀ ನಗರದಲ್ಲಿ ಹೊಗೆಯುಗುಳಿ ಸಾಮಾನು ಮುಟ್ಟಿಸುವ ಒಂಬತ್ತು ಗಾಡಿಗಳ ಬದಲಿಗೆ ಬರುವ ವಿದ್ಯುತ್ ಗಾಡಿಗಳಿಗೆ ಹೋಗಬೇಕೇ? ಉಸಿರಾಡುವ ಗಾಳಿಯ ಮೇಲೆ ಕಾಳಜಿ ಇರುವವರು ಎರಡನೆಯದನ್ನೇ ಆರಿಸಬೇಕು.

ಫೋರ್ಡಿನ ಯೋಚನೆಯೂ ಈಗ ಸಣ್ಣ ಗಾಡಿಯ ಕಡೆ ಹೊರಳಿದೆ. ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ ಮಧ್ಯಮ ಗಾತ್ರದ, ನಾಲ್ಕು ಬಾಗಿಲಿನ ವಿದ್ಯುತ್ ಪಿಕಪ್ಪನ್ನು ಸುಮಾರು 30 ಸಾವಿರ ಡಾಲರಿಗೆ ತಯಾರಿಸುವುದಾಗಿ 2025ರ ಆಗಸ್ಟಿನಲ್ಲಿ ಅದು ಪ್ರಕಟಿಸಿತು. ಬ್ಯಾಟರಿ ಲಿಥಿಯಂ ಕಬ್ಬಿಣ ಫಾಸ್ಫೇಟಿನದು. ದುಬಾರಿ ನಿಕ್ಕಲ್ಲೂ ಕೋಬಾಲ್ಟೂ ಅದಕ್ಕೆ ಬೇಡ. ಬಿಡುಗಡೆಗೆ ಗೊತ್ತು ಮಾಡಿದ ವರ್ಷ 2027.