ಅರಗದ ಆಹಾರದ ಕಣ ರಕ್ತವನ್ನು ಸೇರುವ ಬಗೆ

ಉಂಡ ಆಹಾರವೆಲ್ಲ ಪೂರ್ಣವಾಗಿ ಜೀರ್ಣಗೊಂಡ ಮೇಲೆಯೇ ರಕ್ತವನ್ನು ಸೇರುವುದೆಂಬುದು ನಮ್ಮೆಲ್ಲರ ತಿಳಿವಳಿಕೆ. ಪಿಷ್ಟವು ಸಕ್ಕರೆಯಾಗಿ, ಪ್ರೋಟೀನು ಅಮೈನೋ ಆಮ್ಲಗಳಾಗಿ ಮಾರ್ಪಟ್ಟ ಬಳಿಕ ಸಣ್ಣ ಕರುಳು ಅವನ್ನು ಹೀರಿಕೊಳ್ಳುತ್ತದೆ. ಇದು ಬಹುಪಾಲು ಸತ್ಯ. ಆದರೆ ಆರೋಗ್ಯವಂತರಲ್ಲಿಯೂ ಅತ್ಯಲ್ಪ ಪ್ರಮಾಣದ ಪ್ರೋಟೀನು ಅರಗದೆಯೇ ರಕ್ತವನ್ನು ಸೇರುತ್ತದೆ.

ಈ ಸಂಗತಿಯನ್ನು ತೋರಿಸಿಕೊಟ್ಟ ಪ್ರಯೋಗವು ಸ್ವಾರಸ್ಯಕರವಾದುದು. 1921ರಲ್ಲಿ ಜರ್ಮನಿಯ ವೈದ್ಯ ಪ್ರಾಸ್ನಿಟ್ಸ್ ಅವರು, ಮೀನು ಒಗ್ಗದ ತಮ್ಮ ಸಹೋದ್ಯೋಗಿ ಕ್ಯೂಸ್ಟ್‌ನರ್ ಅವರ ರಕ್ತದ ಸೀರಮ್ಮನ್ನು ತಮ್ಮ ಚರ್ಮದೊಳಗೆ ಚುಚ್ಚಿಸಿಕೊಂಡರು. ಮರುದಿನ ಅದೇ ಜಾಗಕ್ಕೆ ಮೀನಿನ ಸಾರವನ್ನು ಚುಚ್ಚಲು, ಅಲ್ಲಿ ದದ್ದು ಎದ್ದಿತು. ಕೆಲವು ವರ್ಷಗಳ ತರುವಾಯ ಅಮೆರಿಕದ ವಾಲ್ಜರ್ ಅವರು ಅಂಥ ಸೀರಮ್ಮನ್ನು ಆರೋಗ್ಯವಂತರ ಚರ್ಮಕ್ಕೆ ಚುಚ್ಚಿ, ಅವರಿಗೆ ಮೀನನ್ನು ಉಣಬಡಿಸಿದರು. ಉಂಡದ್ದು ಬಾಯಿಂದ, ಉಬ್ಬಿದ್ದು ಚುಚ್ಚಿದ ಜಾಗ! ಮೀನಿನ ಪ್ರೋಟೀನು ತನ್ನ ಗುರುತನ್ನು ಕಳೆದುಕೊಳ್ಳದೆ ರಕ್ತದ ಮೂಲಕ ಅಲ್ಲಿಯವರೆಗೆ ಸಾಗಿತ್ತು.

ಕರುಳಿನ ಒಳಮೈಯನ್ನು ಹೊದಿಸಿರುವುದು ಒಂದೇ ಪದರದ ಜೀವಕೋಶಗಳು. ಮೂರರಿಂದ ಐದು ದಿನಗಳಲ್ಲಿ ಈ ಪದರವು ಹೊಸದಾಗುತ್ತದೆ. ಇದನ್ನು ದಾಟಲು ಎರಡು ಹಾದಿಗಳುಂಟು. ಜೀವಕೋಶವು ಕಣವನ್ನು ನುಂಗಿ ಮತ್ತೊಂದು ಬದಿಗೆ ಬಿಡುವುದು ಮೊದಲನೆಯದು; ಹೀಗೆ ನುಂಗಿದುದರಲ್ಲಿ ಹೆಚ್ಚಿನ ಭಾಗ ಜೀವಕೋಶದೊಳಗೇ ಒಡೆದುಹೋಗುತ್ತದೆ. ಜೀವಕೋಶಗಳ ನಡುವಣ ಬಿಗಿಯಾದ ಬೆಸುಗೆಯಲ್ಲಿ ನುಸುಳುವುದು ಎರಡನೆಯದು. ಬೆಸುಗೆಯು ಗಟ್ಟಿಯಾಗಿರುವಾಗ ದೊಡ್ಡ ಕಣಗಳಿಗೆ ಅಲ್ಲಿ ಎಡೆಯಿಲ್ಲ.

ಹೀಗೆ ಒಳಬಂದ ಅಲ್ಪಾಂಶವು ಕೇಡೇನೂ ಅಲ್ಲ. ಅದನ್ನು ಕಂಡು ರೋಗನಿರೋಧಕ ವ್ಯವಸ್ಥೆಯು ಆಹಾರವನ್ನು ವೈರಿಯೆಂದು ಬಗೆಯದೆ ಸಹಿಸಲು ಕಲಿಯುತ್ತದೆ. ಈ ಸಹನೆ ತಪ್ಪಿದಾಗ ಅಲರ್ಜಿ ತಲೆದೋರುತ್ತದೆ.

ಕರುಳಿನ ಸೋಂಕು, ಅತಿಯಾದ ಮದ್ಯ, ಕೆಲವು ನೋವುನಿವಾರಕ ಮಾತ್ರೆಗಳು ಬೆಸುಗೆಯನ್ನು ಸಡಿಲಿಸಬಲ್ಲವು. ಗೋಧಿ, ಬಾರ್ಲಿಗಳ ಗ್ಲುಟೆನ್ ಒಗ್ಗದ ಸೀಲಿಯಾಕ್ ರೋಗದಲ್ಲಿಯೂ ಅದು ಸಡಿಲಗೊಳ್ಳುತ್ತದೆ. ಆದರೆ ಬೆಸುಗೆಯ ಸಡಿಲಿಕೆಯೇ ಸಕಲ ವ್ಯಾಧಿಗಳ ಮೂಲವೆಂಬ ಪ್ರಚಾರಕ್ಕೆ ಆಧಾರವಿಲ್ಲ.

ಈ ಪ್ರಚಾರವನ್ನು ನಂಬಿ ಮಕ್ಕಳ ತಟ್ಟೆಯಿಂದ ಗೋಧಿಯನ್ನೋ ಹಾಲನ್ನೋ ತಾವಾಗಿಯೇ ತೆಗೆದುಬಿಡುವವರು ಒಂದು ವಿಷಯವನ್ನು ಅರಿಯಬೇಕು. ಗೋಧಿ ತಿನ್ನುವುದನ್ನು ಬಿಟ್ಟ ಮೇಲೆ ಸೀಲಿಯಾಕ್ ರೋಗದ ರಕ್ತಪರೀಕ್ಷೆ ಮಾಡಿಸಿದರೆ, ರೋಗವಿದ್ದರೂ ಇಲ್ಲವೆಂದು ತೋರಬಹುದು. ಬಿಡದ ಭೇದಿ, ರಕ್ತಹೀನತೆ, ಮಗುವಿನ ಬೆಳವಣಿಗೆಯ ಕುಂಠಿತ ಕಂಡುಬಂದಲ್ಲಿ ಮೊದಲು ವೈದ್ಯರಲ್ಲಿ ಪರೀಕ್ಷೆಯಾಗಲಿ. ಪಥ್ಯವು ಅದರ ನಂತರ.