ನಿಮಗಿದು ಗೊತ್ತೆ? ಟಿಕೆಟ್ ಕೊಂಡರೆ ರೇಸ್ ಟ್ರ್ಯಾಕ್‌ನಲ್ಲಿ ನಿಮ್ಮದೇ ಕಾರು!

* ಜರ್ಮನಿಯ ಐಫೆಲ್ ಬೆಟ್ಟಗಳ ನಡುವಿನ ನ್ಯೂರ್ಬರ್ಗ್‌ರಿಂಗ್ ರೇಸ್ ಟ್ರ್ಯಾಕ್ ಶುರುವಾದದ್ದು 1927ರಲ್ಲಿ. ಇದರ ‘ನಾರ್ಡ್‌ಶ್ಲೈಫೆ’ ಭಾಗದ ಉದ್ದ 20.832 ಕಿ.ಮೀ. ತಿರುವುಗಳು 70ಕ್ಕೂ ಹೆಚ್ಚು. ಅತಿ ತಗ್ಗಿನ ಜಾಗಕ್ಕೂ ಅತಿ ಎತ್ತರದ ಜಾಗಕ್ಕೂ ಸುಮಾರು 300 ಮೀಟರ್ ಅಂತರ.

* ರೇಸ್, ಪರೀಕ್ಷಾರ್ಥ ಓಟಗಳಿಲ್ಲದ ನಿಗದಿತ ಹೊತ್ತಿನಲ್ಲಿ ಸಾರ್ವಜನಿಕರೂ ಇಲ್ಲಿ ಕಾರು ಓಡಿಸಬಹುದು. ಚಾಲನಾ ಪರವಾನಗಿ ಇರಬೇಕು, ಸುತ್ತಿಗಿಷ್ಟು ಎಂದು ಹಣ ಕಟ್ಟಬೇಕು. ಆಗ ಇದು ಟೋಲ್ ರಸ್ತೆಯಿದ್ದಂತೆ. ಸಂಚಾರ ನಿಯಮಗಳೇ ಅನ್ವಯ. ಮುಂದಿನ ಕಾರನ್ನು ಎಡಗಡೆಯಿಂದಷ್ಟೇ ಹಿಂದಿಕ್ಕಬೇಕು. ಸ್ಟಾಪ್‌ವಾಚ್ ಹಿಡಿದು ಪೈಪೋಟಿಗೆ ಬೀಳುವಂತಿಲ್ಲ. ಗುದ್ದಿ ತಡೆಬೇಲಿ ಹಾಳಾದರೆ ದುರಸ್ತಿಯ ಬಿಲ್ಲು ಚಾಲಕನ ತಲೆಗೇ!

* ‘ಕರುಸೆಲ್’ ತಿರುವಿನ ಒಳಮಗ್ಗುಲಿಗೆ ಕಾಂಕ್ರೀಟ್ ಚಪ್ಪಡಿಗಳನ್ನು ಬಾಣಲೆಯಂತೆ ಓರೆಯಾಗಿ ಹಾಸಲಾಗಿದೆ. ಕಾರು ಅದರೊಳಗಿಳಿದರೆ ಚಪ್ಪಡಿಗಳ ಸಂದು ಸಂದಿಗೂ ಸ್ಟೀರಿಂಗ್ ಅದುರುತ್ತದೆ.

* ನಾರ್ಡ್‌ಶ್ಲೈಫೆಗೆ ‘ಹಸಿರು ನರಕ’ ಎಂದು ಹೆಸರಿಟ್ಟವರು ರೇಸ್ ಚಾಲಕ ಜಾಕಿ ಸ್ಟುವರ್ಟ್. 1968ರ ಜರ್ಮನ್ ಗ್ರ್ಯಾನ್ ಪ್ರೀಯಲ್ಲಿ ಮಳೆ, ಮಂಜಿನ ನಡುವೆಯೂ ಎರಡನೆಯವರಿಗಿಂತ 4 ನಿಮಿಷಕ್ಕೂ ಮೊದಲೇ ಅವರು ಗುರಿ ಮುಟ್ಟಿದ್ದರು.

* 1976ರಲ್ಲಿ ಇಲ್ಲಿ ಫಾರ್ಮುಲಾ ಒನ್ ಚಾಲಕ ನಿಕಿ ಲೌಡಾ ಅವರ ಕಾರು ಬೆಂಕಿಗೆ ಸಿಕ್ಕಿ, ಅವರು ತೀವ್ರವಾಗಿ ಗಾಯಗೊಂಡರು. ಆಮೇಲೆ ನಾರ್ಡ್‌ಶ್ಲೈಫೆಯಲ್ಲಿ ಫಾರ್ಮುಲಾ ಒನ್ ರೇಸ್ ನಡೆದಿಲ್ಲ.

* 2018ರಲ್ಲಿ ಟಿಮೊ ಬರ್ನ್‌ಹಾರ್ಡ್ ಪೋರ್ಷೆ 919 ಇವೊ ಕಾರಿನಲ್ಲಿ ಇಡೀ ಸುತ್ತನ್ನು 5 ನಿಮಿಷ 19.546 ಸೆಕೆಂಡ್‌ಗಳಲ್ಲಿ ಮುಗಿಸಿದರು. ಅಂದರೆ ಸರಾಸರಿ ವೇಗ ಗಂಟೆಗೆ 230 ಕಿ.ಮೀ.ಗೂ ಹೆಚ್ಚು!