ಗಡ್ಡೆಯ ಬಾಳಿಕೆ: ಗೊಬ್ಬರದ ಪಾಲು, ಚೀಲದ ಪಾಲು

ನಮ್ಮ ತಾಳವಾಡಿ ಸೀಮೆಯ ರೈತರು ಕ್ಯಾರೆಟ್, ಬೀಟ್‌ರೂಟ್, ಆಲೂಗಡ್ಡೆ ಬೆಳೆಯುವುದರಲ್ಲಿ ಯಾರಿಗೂ ಕಡಿಮೆಯಲ್ಲ. ಕಿತ್ತ ಮಾಲನ್ನು ಪೇಟೆ ಮುಟ್ಟುವವರೆಗೆ ಕಾಪಾಡುವುದರಲ್ಲಿ ಮಾತ್ರ ನಾವು ಹಿಂದೆ. ಮೆಟ್ಟುಪಾಳ್ಯಂ ಪೇಟೆಗೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಬೇಕಷ್ಟೆ. 2022ರ ಫೆಬ್ರವರಿಯಲ್ಲಿ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದ ಮೇಲೆ, ಹೊತ್ತು ತಪ್ಪಿದ ಲಾರಿ ಬೆಳಗಿನವರೆಗೆ ಕಾಯಬೇಕಾದೀತು.

ನನ್ನ ಸ್ವಂತ ಅನುಭವವನ್ನೇ ಹೇಳುವೆನು. ಒಂದು ವರ್ಷ ತೂಕದ ಆಸೆಯಿಂದ, ಕ್ಯಾರೆಟ್ ಕೀಳಲು 20 ದಿನವಿರುವಾಗ ಯೂರಿಯಾ ಎರಚಿ ನೀರು ಕಟ್ಟಿದೆ. ಗಡ್ಡೆ ದಪ್ಪನಾಗಿ ಬಂತು. ತೊಳೆದು, ಒದ್ದೆ ಆರುವ ಮೊದಲೇ ಗೋಣಿಗೆ ತುಂಬಿ ಒಂದರ ಮೇಲೊಂದು ಅಟ್ಟಿ ಹಾಕಿಸಿದೆ. ಲಾರಿ ಬಂದದ್ದು ಮೂರನೆಯ ದಿನ. ಬಾಯಿ ಬಿಚ್ಚಿದರೆ ಕೈಗೆ ಬಿಸಿ ತಟ್ಟಿತು, ನಡುವೆಲ್ಲ ಲೋಳೆ. 30 ಮೂಟೆಗಳಲ್ಲಿ 11 ತಿಪ್ಪೆಗೆ ಹೋದವು. ಮಕ್ಕಳಿಗೆ ಉಸಿರಾಟದ ಪಾಠ ಹೇಳುವ ನಾನೇ, ಕಿತ್ತ ಗಡ್ಡೆಯೂ ಉಸಿರಾಡಿ ಶಾಖ ಬಿಡುತ್ತದೆಂಬುದನ್ನು ಮರೆತಿದ್ದೆ!

ತಡವಾಗಿ ಕೊಟ್ಟ ಸಾರಜನಕವು ಸೊಪ್ಪನ್ನು ಬೆಳೆಸಿ ಬಲಿಯುವುದನ್ನು ತಡಮಾಡುತ್ತದೆ. ಗಡ್ಡೆಯಲ್ಲಿ ನೀರು ಹೆಚ್ಚು, ಸಿಪ್ಪೆ ತೆಳು. ಗೀರು ಬಿದ್ದಲ್ಲೆಲ್ಲ ಕೊಳೆರೋಗಕ್ಕೆ ಬಾಗಿಲು. ಆದ್ದರಿಂದ ಯೂರಿಯಾವನ್ನು ಬೆಳೆಯ ಮೊದಲರ್ಧದಲ್ಲೇ ಮುಗಿಸಬೇಕು. ಪೊಟ್ಯಾಷನ್ನು ಮರೆಯಬಾರದು, ಪ್ರಮಾಣವನ್ನು ಮಣ್ಣು ಪರೀಕ್ಷೆ ಹೇಳಲಿ. ಬೀಟ್‌ರೂಟ್ ಕೊಯ್ದಾಗ ಒಳಗೆ ಕಪ್ಪು ಕಲೆ ಕಂಡರೆ ಬೋರಾನ್ ಕೊರತೆಯನ್ನು ಶಂಕಿಸಬೇಕು. ಅಂಥದ್ದು ಇಟ್ಟರೆ ಬಾಳದು. ಹಸಿ ಸಗಣಿ ಗೊಬ್ಬರ ಹಾಕಿದಲ್ಲಿ ಕ್ಯಾರೆಟ್ ಕವಲೊಡೆಯುವುದನ್ನು ನೀವೂ ಕಂಡಿದ್ದೀರಿ. ಕವಲಿದ್ದದ್ದು ಚೀಲದಲ್ಲಿ ಮುರಿಯುತ್ತದೆ.

ಇನ್ನು ಚೀಲದ ಮಾತು. ಕ್ಯಾರೆಟ್ ಸೊಪ್ಪನ್ನು ಕಿತ್ತ ದಿನವೇ ಕತ್ತರಿಸಿ. ಎಲೆಯು ಗಡ್ಡೆಯ ನೀರನ್ನು ಹೀರಿ ಗಾಳಿಗೆ ಬಿಡುತ್ತದೆ. ಸೊನ್ನೆ ಡಿಗ್ರಿಯ ತಂಪಿನಲ್ಲಿ, ತೇವದ ಗಾಳಿಯಲ್ಲಿ, ಸೊಪ್ಪು ತೆಗೆದ ಬಲಿತ ಕ್ಯಾರೆಟ್ ತಿಂಗಳುಗಟ್ಟಲೆ ಉಳಿದರೆ, ಸೊಪ್ಪಿನ ಕಟ್ಟು ಎರಡು ವಾರ ತಡೆದರೆ ಹೆಚ್ಚು. ತಂಪುಕೋಣೆ ನಮಗೆಲ್ಲಿದೆ ಎನ್ನುವಿರಿ. ನೆರಳಿನಲ್ಲಿ ಮೇಲಿನ ನೀರು ಆರಿಸಿ, ತೂತು ಹೊಡೆದ ಪಾಲಿಥೀನ್ ಚೀಲದಲ್ಲಿಟ್ಟರೆ ಗೋಣಿಯಲ್ಲಿ ಬಾಡುವಷ್ಟು ಬಾಡದು. ತೂತಿಲ್ಲದ ಚೀಲ ಬೇಡ, ಒಳಗೆ ಹನಿಗಟ್ಟಿ ಕೊಳೆಯುತ್ತದೆ. ಬಾಳೆಹಣ್ಣಿನ ಪಕ್ಕದಲ್ಲೂ ಇಡಬೇಡಿ, ಮಾಗುವ ಹಣ್ಣು ಬಿಡುವ ಅನಿಲದಿಂದ ಕ್ಯಾರೆಟ್ ಕಹಿಯಾಗುತ್ತದೆ.

ಆಲೂಗಡ್ಡೆಯ ರೀತಿ ಬೇರೆ. ಕಿತ್ತ ಮೇಲೆ 10-15 ದಿನ ಗಾಳಿಯಾಡುವ ಕತ್ತಲೆಯಲ್ಲಿ ಹರವಿದರೆ ಗಾಯ ಮಾಗಿ ಸಿಪ್ಪೆ ಗಟ್ಟಿಯಾಗುತ್ತದೆ. ಆಮೇಲೆ ಒಣಗೋಣಿಯೇ ಒಳ್ಳೆಯದು. ಬೆಳಕು ಬಿದ್ದು ಹಸಿರಾದ ಗಡ್ಡೆಯನ್ನು ಮಾರಲೂ ಬೇಡಿ, ಮನೆಯಲ್ಲಿ ಬೇಯಿಸಲೂ ಬೇಡಿ.